ಚಾರ್ಮಾಡಿ ಘಾಟಿಗೆ ವರ್ಟಸ್ ಜಿಟಿ: ಡಿಎಸ್‌ಜಿನಾ, ಮ್ಯಾನುಯಲ್ಲಾ?

ಪ್ರಶ್ನೆ: ಊರು ಚಿಕ್ಕಮಗಳೂರು. ಫೋಕ್ಸ್‌ವ್ಯಾಗನ್ ವರ್ಟಸ್ 1.5 ಟಿಎಸ್‌ಐ (ಟರ್ಬೊ ಪೆಟ್ರೋಲ್) ಕಾರು ತಗೋಬೇಕು. ಓಡಾಟ ಹೆಚ್ಚಾಗಿ ಚಾರ್ಮಾಡಿ, ಆಗಾಗ ಮುಳ್ಳಯ್ಯನಗಿರಿ. 7 ಗೇರಿನ ಡಿಎಸ್‌ಜಿನಾ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್), 6 ಗೇರಿನ ಮ್ಯಾನುಯಲ್ಲಾ?

ಉತ್ತರ 1: ಎರಡರಲ್ಲೂ ಅದೇ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್. ಖಾಲಿ ರಸ್ತೇಲಿ ಡಿಎಸ್‌ಜಿನೇ ಚುರುಕು; ಮುಂದಿನ ಗೇರ್ ಮೊದಲೇ ಕೂಡಿಕೊಂಡಿರುತ್ತೆ. ತೊಂದರೆ ಇರೋದು ಭಾನುವಾರದ ಮುಳ್ಳಯ್ಯನಗಿರಿ ವಾಹನಗಳ ಸಾಲಲ್ಲಿ. ಡಿಎಸ್‌ಜಿಯ ಎರಡೂ ಕ್ಲಚ್ ಒಣ ಕ್ಲಚ್, ಬಿಸಿ ಹೊತ್ತೊಯ್ಯೋಕೆ ಎಣ್ಣೆ ಇಲ್ಲ. ಏರಲ್ಲಿ ಬ್ರೇಕ್ ಅರ್ಧ ಬಿಟ್ಟು ತೆವಳಿಸಿದ್ರೆ ಕ್ಲಚ್ ಜಾರ್ತಾನೇ ಇರುತ್ತೆ. ಕಾದು ನಡುಕ ಶುರು. ಬ್ರೇಕ್ ಪೂರ್ತಿ ಒತ್ತಿ ನಿಲ್ಲಿ, ಮುಂದೆ ಎರಡು ಕಾರಿನಷ್ಟು ಜಾಗ ಆದ್ಮೇಲೆ ಒಂದೇ ಸಲ ಹೊರಡಿ.

ಉತ್ತರ 2: ಮ್ಯಾನುಯಲ್ಲೇನೂ ಅಮರ ಅಲ್ಲ ಸ್ವಾಮಿ. ಹೇರ್‌ಪಿನ್‌ನಲ್ಲಿ ಎರಡನೇ ಗೇರಲ್ಲೇ ಅರ್ಧ ಕ್ಲಚ್ ಹಿಡಿದ್ರೆ ಸುಟ್ಟ ವಾಸನೆ ಗ್ಯಾರಂಟಿ. ಒಂದಕ್ಕೆ ಇಳಿಸಿ, ಏರಲ್ಲಿ ನಿಂತು ಹೊರಡೋಕೆ ಹ್ಯಾಂಡ್‌ಬ್ರೇಕ್ ಬಳಸಿ. ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ನಾಲ್ಕನೇ ಗೇರಲ್ಲಿ 2000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಸೂಜಿ ಹಾರಿ ವೇಗ ಏರದಿದ್ರೆ ಕ್ಲಚ್ ಪ್ಲೇಟ್ ಸವೆದಿದೆ. ಬದಲಿಸುವಾಗ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಜತೆಗೇ ಹಾಕ್ಸಿ. ಗೇರ್‌ಬಾಕ್ಸ್ ಎರಡು ಸಲ ಇಳಿಸೋದು ದಂಡ.

ಉತ್ತರ 1: ಅದು ನಿಜ. ಇನ್ನೊಂದು, ಘಾಟಿ ಇಳಿಯುವಾಗ ಡಿಎಸ್‌ಜಿಯನ್ನ ‘ಡಿ’ಯಲ್ಲಿ ಬಿಡಬೇಡಿ, ಮೇಲಿನ ಗೇರಿಗೆ ಹೋಗಿ ಬ್ರೇಕ್ ಕಾಯುತ್ತೆ. ‘ಎಂ’ಗೆ (ಗೇರ್ ನಾವೇ ಆರಿಸೋ ಮೋಡ್) ಹಾಕಿ 2 ಅಥವಾ 3ರಲ್ಲಿ ಹಿಡಿದಿಡಿ. ವಾರಾಂತ್ಯದ ಮುಳ್ಳಯ್ಯನಗಿರಿ ಟ್ರಾಫಿಕ್ಕೇ ಜಾಸ್ತಿ ಅಂದ್ರೆ ನನ್ನ ಓಟು ಮ್ಯಾನುಯಲ್‌ಗೆ.