ಅಪ್‌ಡೇಟ್: ಚಳಿಗಾಲದ ಕಡಲತೀರದ ನಡಿಗೆಯಲ್ಲಿ ಸೂಪ್ ಬಿಸಿಯಾಗಿಯೇ ಉಳಿಯಿತು

ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಡಿಸೆಂಬರ್ ಚಳಿಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಕಡಲತೀರದಲ್ಲಿ ನಡೆಯುವಾಗ, ಮನೆಯಲ್ಲಿ ಮಾಡಿದ ಸೂಪನ್ನು ಮಧ್ಯಾಹ್ನದವರೆಗೆ ಬಿಸಿಯಾಗಿಡುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕಳೆದ ಭಾನುವಾರ ಹೋಗಿ ಬಂದೆವು.

ನಿಜವಾಗಿ ಫಲ ಕೊಟ್ಟದ್ದು ಫ್ಲಾಸ್ಕನ್ನು ಮೊದಲೇ ಕಾಯಿಸಿಕೊಳ್ಳುವ ಸಲಹೆ. ಕುದಿಯುವ ನೀರು ತುಂಬಿ, ಮುಚ್ಚಳ ಹಾಕಿ ಹತ್ತು ನಿಮಿಷ ಬಿಟ್ಟು, ಆ ನೀರನ್ನು ಚೆಲ್ಲಿದ ಕೂಡಲೇ ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ತೊಗರಿಬೇಳೆ ಮತ್ತು ಸಿಹಿಗುಂಬಳದ ಸೂಪನ್ನು ಕತ್ತಿನವರೆಗೆ ಸುರಿದೆ. ಅರ್ಧ ಖಾಲಿಯಾದ ಫ್ಲಾಸ್ಕ್ ಬೇಗ ತಣ್ಣಗಾಗುವುದರಿಂದ ದೊಡ್ಡದೊಂದರ ಬದಲು ಚಿಕ್ಕವೆರಡನ್ನು ಒಯ್ದದ್ದೂ ಒಳ್ಳೆಯದಾಯಿತು. ಸೀಫರ್ಡ್‌ನಿಂದ ಹೊರಟು ಗುಡ್ಡ ಹತ್ತಿಳಿದು, ಕಕ್‌ಮಿಯರ್ ನದಿ ಸಮುದ್ರ ಸೇರುವಲ್ಲಿ, ಸೆವೆನ್ ಸಿಸ್ಟರ್ಸ್‌ನ ಬಿಳಿಯ ಸೀಮೆಸುಣ್ಣದ ಕಡಿಬಂಡೆಗಳ ಎದುರು ಮುಚ್ಚಳ ತೆರೆದಾಗ, ಎದ್ದ ಹಬೆಗೆ ಅತ್ತೆಯವರ ಕನ್ನಡಕವೆಲ್ಲ ಮಸುಕಾಯಿತು.

ಹೊರಗಿನಿಂದ ಅಲ್ಯೂಮಿನಿಯಂ ಹಾಳೆ ಸುತ್ತುವ ಸಲಹೆಯಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ; ಫ್ಲಾಸ್ಕಿನ ಎರಡು ಗೋಡೆಗಳ ನಡುವಿನ ನಿರ್ವಾತವೇ ಬಿಸಿಯನ್ನು ಹಿಡಿದಿಡುವ ಕೆಲಸವನ್ನು ಮಾಡುತ್ತದೆ. ನಾನು ನಿರೀಕ್ಷಿಸದೇ ಇದ್ದದ್ದೆಂದರೆ, ಗಟ್ಟಿ ಸೂಪ್ ಲೋಟದಲ್ಲಿ ಮೇಲ್ಮೈ ಆರಿದಂತೆ ಕಂಡರೂ ಕೆಳಗೆ ನಾಲಿಗೆ ಸುಡುವಷ್ಟು ಬಿಸಿಯಾಗಿರುತ್ತದೆ. ಮಕ್ಕಳಿಗೆ ಕೊಡುವ ಮುನ್ನ ಚೆನ್ನಾಗಿ ಕಲಕಿ ಕೊಡಿ.

ಇದೇ ದಾರಿಯಲ್ಲಿ ಹೋಗುವವರು ಬಂಡೆಯ ಅಂಚಿನಿಂದ ಬಹಳ ದೂರವೇ ನಡೆಯಬೇಕು, ಏಕೆಂದರೆ ಅದು ಸೂಚನೆಯಿಲ್ಲದೆ ಕುಸಿಯುತ್ತದೆ. ಡಿಸೆಂಬರಿನಲ್ಲಿ ಸಂಜೆ 4ರ ಹೊತ್ತಿಗೆ ಸೂರ್ಯ ಮುಳುಗುವುದರಿಂದ, ವಯಸ್ಸಾದವರು ಜೊತೆಗಿದ್ದರೆ ಮಧ್ಯಾಹ್ನ 2ಕ್ಕೆಲ್ಲ ಹಿಂದಿರುಗಲು ಆರಂಭಿಸಿ.