ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿರುವ ವಿಂಡೋಸ್ ಗೇಮ್ ಲಿನಕ್ಸ್ ಮಿಂಟ್‌ನಲ್ಲಿ ತೆರೆಯುತ್ತಿಲ್ಲ

ಮಿಂಟ್_22:
ಒಂದೇ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 11, ಲಿನಕ್ಸ್ ಮಿಂಟ್ 22 ಎರಡೂ ಇವೆ. ಕಾರ್ಡ್ ಜಿಟಿಎಕ್ಸ್ 1650, ಎನ್‌ವಿಡಿಯಾ ಡ್ರೈವರ್ ಹಾಕಿದೆ. ಗೇಮ್‌ಗಳೆಲ್ಲ 1 ಟಿಬಿ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ಡ್ರೈವ್‌ನಲ್ಲಿವೆ. ಮಿಂಟ್‌ನ ಸ್ಟೀಮ್‌ಗೆ ಆ ಡ್ರೈವ್ ಸೇರಿಸಿದರೆ ಗೇಮ್‌ಗಳು ಪಟ್ಟಿಯಲ್ಲಿ ಬರುತ್ತವೆ. ಆದರೆ ವಿಚರ್ 3ಕ್ಕೆ ‘ಪ್ಲೇ’ ಒತ್ತಿದರೆ ಬಟನ್ ‘ಸ್ಟಾಪ್’ ಆಗಿ, ಐದಾರು ಸೆಕೆಂಡಲ್ಲಿ ಮತ್ತೆ ‘ಪ್ಲೇ’ ಆಗುತ್ತೆ. ಎರರ್ ಏನೂ ತೋರಿಸಲ್ಲ. ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಸಾಧನ) 9, ಎಕ್ಸ್‌ಪೆರಿಮೆಂಟಲ್ ಎರಡರಲ್ಲೂ ಇದೇ ಕತೆ. ಹೋಮ್ ಫೋಲ್ಡರ್‌ನಲ್ಲಿ ಹಾಕಿದ ಒಂದು ಚಿಕ್ಕ ಗೇಮ್ ಮಾತ್ರ ಸರಿಯಾಗಿ ನಡೆಯುತ್ತೆ. ಅಷ್ಟೂ ಜಿಬಿ ಮತ್ತೆ ಡೌನ್‌ಲೋಡ್ ಮಾಡದೆ ಸರಿ ಮಾಡೋಕಾಗುತ್ತಾ?

ಕರ್ನಲ್_ಕಟ್ಟೆ:
ಆಗುತ್ತೆ. ಹೋಮ್‌ನಲ್ಲಿರೋದು ನಡೆಯುತ್ತೆ ಅಂದಮೇಲೆ ಡ್ರೈವರ್, ವಲ್ಕನ್ (ಗೇಮ್ ಬಳಸುವ ಗ್ರಾಫಿಕ್ಸ್ ಪದರ) ಸರಿಯಾಗಿವೆ. ತೊಂದರೆ ಡ್ರೈವ್‌ನದೇ.

ಪ್ರೋಟಾನ್ ಪ್ರತಿ ಗೇಮ್‌ಗೂ ಒಂದು ಸುಳ್ಳು ಸಿ ಡ್ರೈವ್ ಕಟ್ಟುತ್ತೆ. ಅದಿರುವುದು ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಂಪ್ಯಾಟ್‌ಡೇಟಾ’ ಫೋಲ್ಡರ್‌ನಲ್ಲಿ, ಗೇಮ್‌ನ ನಂಬರಿನ ಹೆಸರಲ್ಲಿ (ವಿಚರ್ 3ಕ್ಕೆ 292030). ಅದರೊಳಗೆ ‘ಸಿ:’, ‘ಝಡ್:’ ಎಂಬ ಹೆಸರಿನ ಲಿಂಕ್‌ಗಳಿರುತ್ತವೆ. ಫೈಲ್ ಹೆಸರಲ್ಲಿ ಕೋಲನ್ ಇರೋದನ್ನು ವಿಂಡೋಸ್ ಒಪ್ಪಲ್ಲ, ಡಿಸ್ಕ್ ಚೆಕ್ ಓಡಿದಾಗ ಅವಕ್ಕೆ ಕೈ ಹಾಕಬಹುದು. ಜೊತೆಗೆ ಫೋಲ್ಡರ್‌ನ ಮಾಲೀಕ ನೀವಲ್ಲ, ರೂಟ್ (ಸಿಸ್ಟಮ್‌ನ ಅಡ್ಮಿನ್) ಅಂತಿದ್ದರೆ ವೈನ್ (ಪ್ರೋಟಾನ್ ಒಳಗೆ ವಿಂಡೋಸ್ ಪ್ರೋಗ್ರಾಂ ಓಡಿಸುವ ಭಾಗ) ಅಲ್ಲೇ ನಿಂತುಬಿಡುತ್ತೆ. ಹಾಗಾಗಿ ಗೇಮ್ ಫೈಲ್‌ಗಳು ಎನ್‌ಟಿಎಫ್‌ಎಸ್‌ನಲ್ಲೇ ಇರಲಿ, ಕಾಂಪ್ಯಾಟ್‌ಡೇಟಾ ಮಾತ್ರ ಲಿನಕ್ಸ್ ಪಾರ್ಟಿಷನ್‌ಗೆ ಬರಲಿ.

ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಅರೆನಿದ್ದೆಯಲ್ಲಿರುತ್ತೆ, ಲಿನಕ್ಸ್ ಆ ಡ್ರೈವನ್ನು ಓದೋಕೆ ಮಾತ್ರ ಮೌಂಟ್ ಮಾಡುತ್ತೆ (ಜೋಡಿಸಿಕೊಳ್ಳುತ್ತೆ).

ಆಮೇಲೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡ್ರೈವ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ ಫೈಲ್) ಡ್ರೈವ್‌ನ ಯುಯುಐಡಿ (ಗುರುತಿನ ಸಂಖ್ಯೆ) ಹಾಕಿ ಕಾಯಂ ಜಾಗಕ್ಕೆ ಮೌಂಟ್ ಮಾಡಿ. ಆಪ್ಷನ್‌ಗಳು: ಯುಐಡಿ=1000, ಜಿಐಡಿ=1000 (ನಿಮ್ಮ ಯೂಸರ್, ಗುಂಪಿನ ನಂಬರ್), ಆರ್‌ಡಬ್ಲ್ಯೂ, ಯೂಸರ್, ಎಕ್ಸೆಕ್, ನೋಫೇಲ್. ‘ಎಕ್ಸೆಕ್’ ಕಡ್ಡಾಯವಾಗಿ ‘ಯೂಸರ್’ ಆದಮೇಲೇ ಬರಬೇಕು, ಯಾಕಂದ್ರೆ ‘ಯೂಸರ್’ ತಾನಾಗೇ ನೋಎಕ್ಸೆಕ್ (ಪ್ರೋಗ್ರಾಂ ಓಡದಂತೆ ತಡೆ) ಹಾಕಿಬಿಡುತ್ತೆ. ‘ವಿಂಡೋಸ್_ನೇಮ್ಸ್’ ಎಂಬ ಆಪ್ಷನ್ (ವಿಂಡೋಸ್ ಒಪ್ಪದ ಹೆಸರುಗಳನ್ನು ತಡೆಯುತ್ತೆ) ಇದ್ದರೆ ತೆಗೆಯಿರಿ.

ಕೊನೆಗೆ ಸ್ಟೀಮ್ ಮುಚ್ಚಿ, ಆ ಡ್ರೈವ್‌ನ ಕಾಂಪ್ಯಾಟ್‌ಡೇಟಾಗೆ ಬೇರೆ ಹೆಸರಿಡಿ. ಹೋಮ್‌ನಲ್ಲಿರುವ ಸ್ಟೀಮ್‌ನ ಕಾಂಪ್ಯಾಟ್‌ಡೇಟಾ ಫೋಲ್ಡರ್‌ಗೆ ‘ಎಲ್‌ಎನ್ -ಎಸ್’ ಕಮಾಂಡ್ ಕೊಟ್ಟು ಆ ಡ್ರೈವ್‌ನಲ್ಲಿ ಲಿಂಕ್ ಮಾಡಿ. ಮೊದಲು ನಿಜವಾದ ಫೋಲ್ಡರ್, ಆಮೇಲೆ ಲಿಂಕ್‌ನ ಜಾಗ. ಹಳೇ ಫೋಲ್ಡರನ್ನು ಹಾಗೇ ಬಿಟ್ಟರೆ ಲಿಂಕ್ ಅದರ ಹೊಟ್ಟೆಯೊಳಗೆ ಹುಟ್ಟುತ್ತೆ, ಏನೂ ಬದಲಾಗಲ್ಲ. ಬಹಳ ಜನ ಎಡವೋದು ಇಲ್ಲೇ.

ಎಕ್ಸ್‌ಟಿ4_ಭಕ್ತ:
ಮೇಲಿನದು ಸರಿಯೇ, ಆದರೆ ಅದು ತೇಪೆ. ವಿಂಡೋಸ್‌ನಲ್ಲಿ ಆ ಗೇಮ್‌ಗಳನ್ನು ಆಡೋದು ಅಪರೂಪ ಅಂತಾದರೆ ಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಸಿಸ್ಟಮ್) ಪಾರ್ಟಿಷನ್ ಮಾಡಿ. ಮತ್ತೆ ಡೌನ್‌ಲೋಡ್ ಬೇಡ: ಹೊಸ ಪಾರ್ಟಿಷನನ್ನು ಸ್ಟೀಮ್‌ನ ಸ್ಟೋರೇಜ್‌ಗೆ ಸೇರಿಸಿ, ಸ್ಟೀಮ್‌ಆ್ಯಪ್ಸ್‌ನ ‘ಕಾಮನ್’ ಒಳಗಿನ ಗೇಮ್ ಫೋಲ್ಡರನ್ನು ಅದರ ‘ಕಾಮನ್’ಗೆ ಕಾಪಿ ಮಾಡಿ, ಹಳೇ ಡ್ರೈವನ್ನು ಸ್ಟೀಮ್‌ನ ಪಟ್ಟಿಯಿಂದ ತೆಗೆದು ‘ಇನ್‌ಸ್ಟಾಲ್’ ಒತ್ತಿ. ಇರುವ ಫೈಲ್‌ಗಳನ್ನು ಸ್ಟೀಮ್ ಗುರುತಿಸಿ, ಕಡಿಮೆ ಬಿದ್ದದ್ದನ್ನಷ್ಟೇ ಇಳಿಸುತ್ತೆ.

ಸೇವ್ ಫೈಲ್ ಮರೆಯಬೇಡಿ. ವಿಂಡೋಸ್‌ನಲ್ಲಿ ಅವು ನಿಮ್ಮ ಡಾಕ್ಯುಮೆಂಟ್ಸ್‌ನಲ್ಲಿವೆ. ಪ್ರೋಟಾನ್ ನೋಡೋದು ಕಾಂಪ್ಯಾಟ್‌ಡೇಟಾದೊಳಗಿನ ‘ಸ್ಟೀಮ್‌ಯೂಸರ್’ನ ಡಾಕ್ಯುಮೆಂಟ್ಸ್. ಸ್ಟೀಮ್ ಕ್ಲೌಡ್ ಇಲ್ಲದ ಗೇಮ್‌ಗೆ ಕೈಯಾರೆ ಕಾಪಿ ಮಾಡಬೇಕು. ಹೆಸರು ಬದಲಿಸಿದ ಹಳೇ ಫೋಲ್ಡರನ್ನು ಅಲ್ಲೀತನಕ ಅಳಿಸಲೇಬೇಡಿ.

ಮಿಂಟ್_22:
ಲಿಂಕ್ ಮಾಡಿದೆ, ಗೇಮ್ ತೆರೆಯಿತು. ತುಂಬಾ ಧನ್ಯವಾದ! ಹೊಸ ಜಾಗಕ್ಕೆ ಹೋದಾಗ ಮೊದಲ ಸಲ ಜರ್ಕ್ ಹೊಡೆಯುತ್ತೆ, ಆಮೇಲೆ ಸರಿಹೋಗುತ್ತೆ. ವ್ಯಾಲರಂಟ್, ಜಿಟಿಎ 5 ಕೂಡ ಇಲ್ಲಿಗೇ ತರಬಹುದಾ?

ಕರ್ನಲ್_ಕಟ್ಟೆ:
ಮೊದಲ ಸಲದ ಜರ್ಕ್ ಶೇಡರ್ (ಗ್ರಾಫಿಕ್ಸ್ ಕಾರ್ಡ್ ಓಡಿಸುವ ಚಿಕ್ಕ ಪ್ರೋಗ್ರಾಂ) ಕಂಪೈಲ್ ಆಗೋದರಿಂದ. ಸ್ಟೀಮ್ ಸೆಟಿಂಗ್ಸ್‌ನಲ್ಲಿ ಶೇಡರ್ ಪ್ರೀ-ಕ್ಯಾಶಿಂಗ್ ಆನ್ ಇರಲಿ, ಗೇಮ್ ಶುರುವಾಗುವ ಮುಂಚಿನ ಆ ಪ್ರೋಸೆಸಿಂಗನ್ನು ಸ್ಕಿಪ್ ಮಾಡಬೇಡಿ.

ವ್ಯಾಲರಂಟ್ ಆಗಲ್ಲ. ಅದರ ಆ್ಯಂಟಿ-ಚೀಟ್ (ಮೋಸ ತಡೆಯುವ ಸಾಫ್ಟ್‌ವೇರ್) ವ್ಯಾನ್‌ಗಾರ್ಡ್, ವಿಂಡೋಸ್ ಕರ್ನಲ್‌ನಲ್ಲೇ (ಸಿಸ್ಟಮ್‌ನ ತಿರುಳಿನಲ್ಲೇ) ಕೂರುವ ಡ್ರೈವರ್. ವೈನ್ ಕೊಡೋದು ಪ್ರೋಗ್ರಾಂಗಳಿಗೆ ಬೇಕಾದ ವಿಂಡೋಸ್ ಪದರವನ್ನು, ಕರ್ನಲನ್ನಲ್ಲ. ಜಿಟಿಎ 5ರ ಸ್ಟೋರಿ ಮೋಡ್ ನಡೆಯುತ್ತೆ. ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಎಂಬ ಆ್ಯಂಟಿ-ಚೀಟ್ ಬಂದಮೇಲೆ ಲಿನಕ್ಸ್‌ನಿಂದ ಒಳಗೆ ಬಿಡಲ್ಲ. ಬ್ಯಾಟಲ್‌ಐ, ಈಸಿ ಆ್ಯಂಟಿ-ಚೀಟ್ ಎರಡೂ 2021ರಿಂದಲೇ ಪ್ರೋಟಾನ್‌ಗೆ ಒಗ್ಗುತ್ತವೆ, ಆದರೆ ಗೇಮ್ ಮಾಡಿದವರು ಅದನ್ನು ಆನ್ ಮಾಡಿಕೊಡಬೇಕು. ಆನ್‌ಲೈನ್ ಗೇಮ್ ಯಾವುದನ್ನೇ ಕಾಸು ಕೊಟ್ಟು ಕೊಳ್ಳುವ ಮುಂಚೆ ಪ್ರೋಟಾನ್‌ಡಿಬಿಯಲ್ಲಿ (ಯಾವ ಗೇಮ್ ಲಿನಕ್ಸ್‌ನಲ್ಲಿ ನಡೆಯುತ್ತೆ ಅಂತ ಆಟಗಾರರು ಬರೆಯುವ ಸೈಟ್) ಹೊಸ ವರದಿಗಳನ್ನು ನೋಡಿ. ವ್ಯಾಲರಂಟ್, ಜಿಟಿಎ ಆನ್‌ಲೈನ್ ಎರಡಕ್ಕೂ ವಿಂಡೋಸ್ ಉಳಿಸಿಕೊಳ್ಳಿ.

ಲಾಗ್_ಓದುಗ:
ಮುಂದೆ ಯಾವ ಗೇಮ್ ಕೈಕೊಟ್ಟರೂ ಲಾಂಚ್ ಆಪ್ಷನ್ಸ್‌ನಲ್ಲಿ ‘ಪ್ರೋಟಾನ್_ಲಾಗ್=1 %ಕಮಾಂಡ್%’ ಹಾಕಿ (ಇಂಗ್ಲಿಷ್ ಅಕ್ಷರದಲ್ಲಿ, ಮೊದಲ ಭಾಗ ಕ್ಯಾಪಿಟಲ್, ಕಮಾಂಡ್ ಸ್ಮಾಲ್). ಹೋಮ್‌ನಲ್ಲಿ ಗೇಮ್ ನಂಬರಿನ ಲಾಗ್ ಫೈಲ್ ಹುಟ್ಟುತ್ತೆ. ಅದರಲ್ಲಿ ಫೋಲ್ಡರ್ ನಿಮ್ಮದಲ್ಲ ಅಂತಿದ್ದರೆ ಯುಐಡಿ ತಪ್ಪು, ರೀಡ್-ಓನ್ಲಿ ಅಂತಿದ್ದರೆ ಫಾಸ್ಟ್ ಸ್ಟಾರ್ಟಪ್ ಮತ್ತೆ ಆನ್ ಆಗಿದೆಯಾ ನೋಡಿ. ಕೆಲಸ ಮುಗಿದಮೇಲೆ ಆ ಆಪ್ಷನ್ ತೆಗೆಯಿರಿ, ಲಾಗ್ ಬೇಗ ದಪ್ಪಗಾಗುತ್ತೆ.