ದುಡಿಯಲು ಆಗದವರಿಗೆ ಬೆಲೆ ಎಲ್ಲಿಂದ ಬರುತ್ತದೆ?

ಬಳ್ಳಾರಿ ಟೈಲರ್:
ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಮಾಡುತ್ತೇನೆ. ಪೀಸ್ ರೇಟ್. ಎಷ್ಟು ಹೊಲಿದರೆ ಅಷ್ಟು ದುಡ್ಡು. ಜೇಬು ಕೂರಿಸುವವರಿಗೆ ಒಂದು ರೇಟು, ಜಿಪ್ ಹಾಕುವವರಿಗೆ ಇನ್ನೊಂದು, ದಾರ ಕತ್ತರಿಸುವ ಹೆಂಗಸರಿಗೆ ಎಲ್ಲರಿಗಿಂತ ಕಡಿಮೆ. ನಮ್ಮ ಸೋದರತ್ತೆ ಆ ದಾರ ಕತ್ತರಿಸಿಯೇ ಮಕ್ಕಳನ್ನು ಸಾಕಿದವರು. ಈಗ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿದೆ. "ಕೂತು ತಿನ್ನೋಳಿಗೆ ಏನು ಬೆಲೆ" ಎಂದು ಅಳುತ್ತಾರೆ. ನಮ್ಮ ಚರ್ಚ್ ಸಭೆಯವರು ಪ್ರಾರ್ಥನೆಗೆ ಬಂದಾಗ "ಹಾಗನ್ನಬೇಡಮ್ಮ, ದೇವರು ನಿನ್ನನ್ನು ತನ್ನ ಸ್ವರೂಪದಲ್ಲಿ ಮಾಡಿದ್ದಾನೆ" ಎಂದರು. ಅವರು ಹೋದ ಮೇಲೆ ಅತ್ತೆ ಕೇಳಿದರು, "ಹಂಗಂದ್ರೆ ಏನು?" ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಗೊತ್ತಿರುವವರು ಹೇಳಿ. ಸುಮ್ನೆ ಸಮಾಧಾನದ ಮಾತು ಬೇಡ.

ರಾಯಚೂರು ಪಾಸ್ಟರ್:
ಒಳ್ಳೆಯ ಪ್ರಶ್ನೆ ತಮ್ಮಾ. 1810ರಲ್ಲಿ ನಿಮ್ಮ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಕನ್ನಡಕ್ಕೆ ತಂದ ಬೈಬಲ್‌ನ ಮೊದಲ ಅಧ್ಯಾಯದಲ್ಲೇ ಈ ಮಾತಿದೆ. ಹಿಂದೆ ಈಜಿಪ್ಟ್, ಅಸ್ಸೀರಿಯಾ ಕಡೆ ರಾಜನನ್ನು ದೇವರ ಪ್ರತಿರೂಪ ಎನ್ನುತ್ತಿದ್ದರು. ಕೂಲಿಯವನನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡ ಆ ಗೌರವವನ್ನು ಗಂಡಸು, ಹೆಂಗಸು ಎನ್ನದೆ ಎಲ್ಲರಿಗೂ ಕೊಟ್ಟಿತು. ಆ ಹೊತ್ತಿಗೆ ಮನುಷ್ಯ ಇನ್ನೂ ಒಂದು ಕೆಲಸವನ್ನೂ ಮಾಡಿರಲಿಲ್ಲ, ಅದನ್ನು ಗಮನಿಸಿ. ದುಡಿಮೆ ಆಮೇಲೆ ಬಂತು. ಬೆಲೆ ಮೊದಲೇ ಇತ್ತು.

ಅತ್ತೆಗೆ ಯೇಸು ಹೇಳಿದ, ಮತ್ತಾಯನ ಸುವಾರ್ತೆ 20ನೇ ಅಧ್ಯಾಯದ ಕಥೆ ಓದಿ ಹೇಳಿ. ಬೆಳಿಗ್ಗೆ ದ್ರಾಕ್ಷಿತೋಟಕ್ಕೆ ಬಂದವರಿಗೂ ಸಂಜೆ ಇನ್ನೊಂದು ತಾಸು ಇರುವಾಗ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಕೊನೆಗೆ ಬಂದವರು ಮೈಗಳ್ಳರಲ್ಲ. ತಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ. ನಮ್ಮೂರ ಸರ್ಕಲ್‌ನಲ್ಲಿ ಬುತ್ತಿ ಗಂಟು ಹಿಡಿದು ನಿಂತವರನ್ನು ನೋಡಿದ್ದೀರಲ್ಲ? ಮೇಸ್ತ್ರಿ ಬಂದು ಗಟ್ಟಿಮುಟ್ಟಾದ ಹುಡುಗರನ್ನು ಟಂಟಂ ಹತ್ತಿಸಿಕೊಂಡು ಹೋಗುತ್ತಾನೆ. ವಯಸ್ಸಾದವರು ಹತ್ತು ಗಂಟೆಯವರೆಗೂ ನಿಂತು, ಅದೇ ಬುತ್ತಿ ಅಲ್ಲೇ ತಿಂದು ಮನೆಗೆ ಹೋಗುತ್ತಾರೆ. ಆ ಯಜಮಾನ ಹೋಗಿ ಕರೆದದ್ದು ಅಂಥವರನ್ನು.

ಕುಷ್ಟಗಿ ಹುಡುಗ:
ನಾನು ಕ್ರೈಸ್ತನಲ್ಲ. ಆದರೂ ಈ ಕಥೆ ಹಿಡಿಸಿತು. ನಮ್ಮಲ್ಲಿ 'ಕಾಯಕವೇ ಕೈಲಾಸ' ಅಂತೀವಿ. 12ನೇ ಶತಮಾನದಲ್ಲಿ ಅದು ಚಮ್ಮಾರ, ಮಡಿವಾಳ, ಅಂಬಿಗ ಎಲ್ಲರನ್ನೂ ಎತ್ತಿ ಹಿಡಿದ ಮಾತು. ಈಗ ಹಾಸಿಗೆ ಹಿಡಿದವರನ್ನು ಚುಚ್ಚಲು ಬಳಸುತ್ತಾರೆ. ದಾಸೋಹವನ್ನು ಮರೆತು ಕಾಯಕ ಮಾತ್ರ ಇಟ್ಟುಕೊಂಡರೆ ಹೀಗೇ ಆಗೋದು. ನಿಮ್ಮಲ್ಲೂ 'ದುಡಿಯದವನು ಉಣ್ಣಬಾರದು' ಅಂತ ಇದೆಯಲ್ವಾ?

ರಾಯಚೂರು ಪಾಸ್ಟರ್:
ಇದೆ. ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕದ ಸಭೆಗೆ ಪತ್ರದಲ್ಲಿ ಬರೆದದ್ದು. ಆದರೆ ಅದು ಕೈಕಾಲು ಗಟ್ಟಿ ಇದ್ದೂ ದುಡಿಯಲು ಮನಸ್ಸಿಲ್ಲದವರಿಗೆ ಹೇಳಿದ್ದು. ಲಕ್ವ ಹೊಡೆದವರ ಮೇಲೆ ಅದನ್ನು ಎಸೆಯುವುದು ಪಾಪ.

ಗಂಗಾವತಿ ಮೇಷ್ಟ್ರು:
ಕ್ಷಮಿಸಿ, ನಾನು ಒಪ್ಪುವುದಿಲ್ಲ. ಎಲ್ಲರೂ ದೇವರ ಸ್ವರೂಪ ಎಂದು ಓದುತ್ತಲೇ ಬೈಬಲ್ ಕೈಯಲ್ಲಿ ಹಿಡಿದು ಗುಲಾಮರನ್ನು ಮಾರಿದರು. ನೋಹ ಮೊಮ್ಮಗನಿಗೆ ಗುಲಾಮನಾಗು ಎಂದು ಕೊಟ್ಟ ಶಾಪದ ಬೈಬಲ್ ಕಥೆ ತೋರಿಸಿ ಅದನ್ನು ಸರಿ ಅಂದರು. ನಮ್ಮ ದೇಶದ ಚರ್ಚ್‌ಗಳಲ್ಲೂ ಜಾತಿಗೊಂದು ಸ್ಮಶಾನ ಇರುವ ಕಡೆಗಳಿವೆ. ಹಾಗಾದರೆ ಆ ಮಾತಿನಿಂದ ಏನು ಪ್ರಯೋಜನ? ನಮ್ಮ ಸಂವಿಧಾನದ ಪೀಠಿಕೆಯಲ್ಲಿ ವ್ಯಕ್ತಿ ಗೌರವ ಅಂತ ಇದೆ. ಅದಕ್ಕೆ ದೇವರ ಸಹಿ ಬೇಕಾಗಲಿಲ್ಲ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯನ್ನೂ ಬೇರೆ ಬೇರೆ ನಂಬಿಕೆಯವರು ಸೇರಿ ಬರೆದರು. ಕರಡಿನಲ್ಲಿ ಅದರ ಮೊದಲ ವಿಧಿ 'ಎಲ್ಲ ಗಂಡಸರು' ಎಂದು ಶುರುವಾಗುತ್ತಿತ್ತು. ಪಟ್ಟು ಹಿಡಿದು 'ಎಲ್ಲ ಮಾನವರು' ಎಂದು ಮಾಡಿಸಿದ್ದು ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ.

ದೇವದುರ್ಗದ ಅಕ್ಕ:
ಮೇಷ್ಟ್ರೇ, ಪ್ರಯೋಜನ ಏನು ಅಂದಿರಲ್ಲ, ಕೇಳಿ. ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇದು. ಊರ ಹೋಟೆಲ್‌ನಲ್ಲಿ ನಮ್ಮ ಕೇರಿಯವರ ಲೋಟ ಹೊರಗೆ ಗೋಡೆಯ ಗೂಟಕ್ಕೆ ನೇತುಹಾಕಿರುತ್ತಿತ್ತು. ತಾವೇ ತೊಳೆದು ಹಿಡಿಯಬೇಕು, ಮೇಲಿಂದ ಚಹಾ ಹುಯ್ಯುತ್ತಿದ್ದರು. ಅಜ್ಜಿ ದೀಕ್ಷಾಸ್ನಾನ ತಗೊಂಡ ಮೇಲೆ ಮೊದಲ ಸಲ ಚರ್ಚ್‌ನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೋದಾಗ ಒಂದೇ ಪಾತ್ರೆ ಎಲ್ಲರ ಕೈಗೂ ಬಂತು. ಮುಂಚೆ ಬೇರೆಯವರು ತುಟಿ ಇಟ್ಟದ್ದನ್ನೇ ಇವರಿಗೆ ಕೊಟ್ಟರು. ಇವರು ಕುಡಿದದ್ದನ್ನು ಪಕ್ಕದವರು ಕುಡಿದರು. ಅಜ್ಜಿಗೆ ಓದು ಬರದು. ದೇವರ ಸ್ವರೂಪ ಅಂದರೆ ಏನು ಅಂತ ಅವರಿಗೆ ಆ ಪಾತ್ರೆಯಿಂದ ತಿಳಿಯಿತು.

ಚರ್ಚ್‌ನಲ್ಲಿ ಜಾತಿ ಇದೆ, ನಾನೂ ಕಂಡಿದ್ದೇನೆ. ಸಿಟ್ಟು ಬರುವುದು ಅದಕ್ಕೇ. ಆ ಪಾತ್ರೆ ಮುಟ್ಟಿದ ಮೇಲೂ ಸಂಬಂಧ ಬೆಳೆಸುವಾಗ ಜಾತಿ ಕೇಳುವವರಿಗೆ ಅವರದೇ ಪುಸ್ತಕ ತೋರಿಸಿ ಬೈಯಬಹುದು. ನಾನು ಬೈದಿದ್ದೇನೆ. ಇನ್ನು ಸಂವಿಧಾನ ನನಗೂ ಪ್ರಾಣ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಜಾಗ ಇಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಮ್ಮನ್ನು ಸೇರಿಸಲಿಲ್ಲ. ಬೆಲೆ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲಿ ಮಾತ್ರ ಇದ್ದರೆ ನನಗೆ ಭಯ.

ರಾಯಚೂರು ಪಾಸ್ಟರ್:
ಅಕ್ಕಾರೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 4ನೇ ಶತಮಾನದಲ್ಲಿ, ಈಗಿನ ಟರ್ಕಿ ದೇಶದ ನಿಸ್ಸಾ ಎಂಬ ಊರಲ್ಲಿ ಗ್ರೆಗೊರಿ ಎಂಬ ಬಿಷಪ್ ಇದ್ದರು. ಮನೆಮನೆಯಲ್ಲಿ ಗುಲಾಮರಿದ್ದ ಕಾಲ. ಆಗ ಅವರು ಸಭೆಯ ಮುಂದೆ ನಿಂತು ಯಜಮಾನರನ್ನೇ ಕೇಳಿದರು: ದೇವರ ಸ್ವರೂಪಕ್ಕೆ ಎಷ್ಟು ದುಡ್ಡು ಎಣಿಸಿದಿರಿ? ಆಮೇಲೆ ಬಂದವರು ಅವರ ಮಾತು ಕೇಳಲಿಲ್ಲ, ಅದು ನಮ್ಮ ಮೇಲಿನ ದೊಡ್ಡ ಕಳಂಕ.

ಮಾನ್ವಿ ನರ್ಸ್:
ನನ್ನದು ಬೇರೆ ತಕರಾರು. ದೇವರ ಸ್ವರೂಪ ಎಂದರೆ ಬುದ್ಧಿ, ವಿವೇಕ ಎಂದು ಹಳೆಯ ದೊಡ್ಡ ದೊಡ್ಡ ಪಂಡಿತರೇ ಬರೆದಿದ್ದಾರೆ. ನಾನು ನೋಡಿಕೊಳ್ಳುವವರಲ್ಲಿ ಮಗನ ಹೆಸರೂ ನೆನಪಿಲ್ಲದ ಅಜ್ಜಂದಿರಿದ್ದಾರೆ. ಮಾತೇ ಬಾರದ ಮಕ್ಕಳಿದ್ದಾರೆ. ಬುದ್ಧಿಯೇ ಲೆಕ್ಕವಾದರೆ ಇವರು ಅರ್ಧ ಮನುಷ್ಯರಾ? ಕೈಗೆ ಲಕ್ವ ಹೊಡೆದರೆ ಬೆಲೆ ಹೋಗಲ್ಲ, ತಲೆಗೆ ಹೊಡೆದರೆ ಹೋಗುತ್ತಾ? ನನಗೆ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ 1518ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹೇಳಿದ ಮಾತು ಸರಿ ಅನ್ನಿಸುತ್ತದೆ. ಮನುಷ್ಯನ ಪ್ರೀತಿ ಚೆಂದ ಕಂಡಲ್ಲಿಗೆ ಹೋಗುತ್ತದೆ. ದೇವರ ಪ್ರೀತಿ ಹೋದಲ್ಲಿ ಚೆಂದ ಹುಟ್ಟುತ್ತದೆ. ಬೆಲೆ ನಮ್ಮೊಳಗಿನ ಯಾವುದೋ ಶಕ್ತಿಯಲ್ಲಿಲ್ಲ. ದೇವರು ನಮ್ಮನ್ನು ಹಿಡಿದುಕೊಂಡಿದ್ದಾನಲ್ಲ, ಅದರಲ್ಲಿದೆ.

ಬಳ್ಳಾರಿ ಟೈಲರ್:
ಪಾಸ್ಟರ್, ಒಂದು ಕಡೆ ಪಾಪಿಗಳು ಅಂತೀರಿ, ಇನ್ನೊಂದು ಕಡೆ ಬೆಲೆ ಇದೆ ಅಂತೀರಿ. ಅತ್ತೆ ತನ್ನ ಪಾಪಕ್ಕೇ ಹೀಗಾಯ್ತು ಅಂತ ಬೇರೆ ಹೇಳುತ್ತಾರೆ.

ರಾಯಚೂರು ಪಾಸ್ಟರ್:
ಆ ಮಾತನ್ನು ಇವತ್ತೇ ಬಿಡಿಸಿ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಯೇಸು ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದ. ಯೋಹಾನ 9ನೇ ಅಧ್ಯಾಯ. ಪಾಪದಿಂದ ಸ್ವರೂಪ ಕೆಡುತ್ತದೆ, ಅಳಿಯುವುದಿಲ್ಲ. ಜಲಪ್ರಳಯ ಮುಗಿದ ಮೇಲೂ ದೇವರು ನೋಹನಿಗೆ ಅದನ್ನೇ ಕಾರಣ ಕೊಟ್ಟು ಮನುಷ್ಯನ ರಕ್ತ ಸುರಿಸಬೇಡ ಎನ್ನುತ್ತಾನೆ. ಲೂಕ 15ರಲ್ಲಿ ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ಹುಡುಕುವ ನಾಣ್ಯ ಧೂಳಲ್ಲಿ ಬಿದ್ದರೂ ನಾಣ್ಯವೇ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತ ಎಂದು ಪೌಲ ರೋಮ್‌ನವರಿಗೆ ಬರೆಯುತ್ತಾನೆ. ಸುಧಾರಿಸಿದ ಮೇಲೆ ಅಲ್ಲ.

ಗಂಗಾವತಿ ಮೇಷ್ಟ್ರು:
ಹಾಗಾದರೆ ನಂಬದ ನನ್ನಂಥವನಿಗೆ ಬೆಲೆ ಇದೆಯೋ ಇಲ್ಲವೋ?

ದೇವದುರ್ಗದ ಅಕ್ಕ:
ಇದೆ ಮೇಷ್ಟ್ರೇ, ನನ್ನಷ್ಟೇ. ಯಾಕೋಬನ ಪತ್ರಿಕೆ ಓದಿ. ಒಂದೇ ಬಾಯಲ್ಲಿ ದೇವರನ್ನು ಹೊಗಳಿ, ಆತನ ಹೋಲಿಕೆಯ ಮನುಷ್ಯರನ್ನು ಶಪಿಸುವುದು ತಪ್ಪು ಎನ್ನುತ್ತಾನೆ. ನಂಬಿದ ಮನುಷ್ಯರನ್ನು ಮಾತ್ರ ಎಂದು ಹೇಳುವುದಿಲ್ಲ.

ಗಂಗಾವತಿ ಮೇಷ್ಟ್ರು:
ದೇವರ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಆದರೆ ಅತ್ತೆಯ ವಿಷಯದಲ್ಲಿ ಇದ್ದೇನೆ. ಟೈಲರ್ ಅವರೇ, ಅವರಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ, ಆಗಿದೆಯಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಆಸ್ಪತ್ರೆಯಲ್ಲಿ ಸರ್ಟಿಫಿಕೇಟ್ ಮಾಡಿಸಿ, ನಾಡಕಚೇರಿಯಲ್ಲಿ ಅಂಗವಿಕಲ ವೇತನಕ್ಕೆ ಅರ್ಜಿ ಹಾಕಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಜೆರಾಕ್ಸ್ ಇಟ್ಟುಕೊಳ್ಳಿ.

ಮಾನ್ವಿ ನರ್ಸ್:
ಫಿಸಿಯೋಥೆರಪಿ ನಿಲ್ಲಿಸಬೇಡಿ. ಮತ್ತೆ ಸಭೆಯವರು ಬರೀ ಪ್ರಾರ್ಥನೆ ಮಾಡಿ ಎದ್ದು ಹೋಗಬಾರದು. ಭಾನುವಾರ ಅತ್ತೆಯನ್ನು ಆರಾಧನೆಗೆ ಕರೆದುಕೊಂಡು ಹೋಗಲು ಆಟೋ ಕಳಿಸಲಿ. ಬಾಗಿಲಲ್ಲಿ ಮೆಟ್ಟಿಲಿದ್ದರೆ ವ್ಹೀಲ್‌ಚೇರ್ ಹತ್ತುವಂತೆ ಇಳಿಜಾರು ಕಟ್ಟಿಸಲಿ. ನೀವೇ ಕೇಳಿ, ಸಂಕೋಚ ಬೇಡ.